ಎಡಕ್ಕೆ ಎಳೆಯುವ ಗಾಡಿ

ನನ್ನ ಕಸುಬಿನಲ್ಲಿ ಗೊತ್ತಿದ್ದೂ ಗೊತ್ತಿದ್ದೂ ಸೊಟ್ಟ ಮಾಡಿ ಕಳಿಸಿದ ಕಾರು ಒಂದೇ. ಅದು ನನ್ನ ಅಣ್ಣನದು.

ಬೈಲಹೊಂಗಲದಲ್ಲಿ ಸವದತ್ತಿ ರಸ್ತೆಗೆ ನನ್ನ ಗ್ಯಾರೇಜು ಇತ್ತು. ಗ್ಯಾರೇಜು ಅನ್ನುವುದು ಬೋರ್ಡಿನ ಮೇಲಿನ ಮಾತು. ಇದ್ದದ್ದು ನಾಲ್ಕು ತಗಡು, ಒಂದು ಬೇವಿನ ಗಿಡ, ಮತ್ತು ನೀರು ಸುರಿದು ಮಟ್ಟ ನೋಡಿ ನಾನೇ ನಿಂತು ಹಾಕಿಸಿದ ಕಾಂಕ್ರೀಟು ನೆಲ. ಗಾಲಿಯ ಅಲೈನ್‌ಮೆಂಟ್ ನೋಡುವವನಿಗೆ ನೆಲ ಮಟ್ಟಸವಾಗಿರಬೇಕು, ಕೈಯಲ್ಲಿ ಒಂದು ದಾರ ಇರಬೇಕು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಇಷ್ಟೇ ಸಾಮಾನು. ಹಿಂದಿನ ಗಾಲಿಗೆ ದಾರ ಹಚ್ಚಿ ಮುಂದಿನ ಗಾಲಿಯವರೆಗೆ ಬಿಗಿಯಾಗಿ ಎಳೆದು, ಟೈರಿಗೆ ದಾರ ಎಲ್ಲಿ ತಾಗಿತು, ಎಲ್ಲಿ ಬಿಟ್ಟಿತು ಎಂದು ಬಗ್ಗಿ ನೋಡಬೇಕು. ಗಾಲಿ ಒಳಗೆ ಮುಖ ಮಾಡಿದೆಯೋ ಹೊರಗೋ ಅದರಿಂದ ತಿಳಿಯುತ್ತದೆ. ಸ್ಟೇರಿಂಗ್ ರಾಡಿನ ನಟ್ಟು ಸಡಿಲಿಸಿ ಕಾಲು ಸುತ್ತು, ಅರ್ಧ ಸುತ್ತು ತಿರುವಿ ಸರಿ ಮಾಡುವುದು. ಆಮೇಲೆ ಗಾಡಿಯನ್ನು ರಸ್ತೆಗೆ ಒಯ್ದು, ಮುಂದೆ ಹಿಂದೆ ಯಾರೂ ಇಲ್ಲದ ಕಡೆ ಸ್ಟೇರಿಂಗಿನಿಂದ ಎರಡೂ ಕೈ ಎತ್ತಿಬಿಡಬೇಕು. ನೆಟ್ಟಗೆ ಹೋದರೆ ಕೆಲಸ ಮುಗಿಯಿತು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ನನ್ನ ದಾರದ ಮೇಲೆ ಅನುಮಾನ ಪಟ್ಟವನಿಗೆ, "ಹಂಗಾರ ಬ್ಯಾರೆ ಕಡೆ ಒಯ್ರಿ, ನಮ್ಮ ಕಡೆ ಇಷ್ಟ" ಎಂದು ಕೀಲಿಕೈ ವಾಪಸ್ ಕೊಟ್ಟುಬಿಡುತ್ತಿದ್ದೆ. ಹಾಗೆ ಹೇಳಲು ಬಾಯಿ ಬಾರದಿದ್ದದ್ದು ಅಣ್ಣನೊಬ್ಬನಿಗೆ. ಅವನು ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವನು. ಅಪ್ಪ ತೀರಿದಾಗ ನಾನು ಮೂರನೇ ಇಯತ್ತೆ. ನನ್ನ ಸಾಲಿ, ನನ್ನ ಊಟ, ಕೊನೆಗೆ ಈ ಗ್ಯಾರೇಜಿನ ಜಾಗ, ಎಲ್ಲ ಅವನ ಸ್ಟೇರಿಂಗಿನಿಂದ ಬಂದದ್ದು. ಬಾಡಿಗೆಗೆ ಓಡಿಸುವ ಬಿಳಿ ಕಾರು ಅವನದು. ಬಾಣಂತಿಯನ್ನು ತವರಿನಿಂದ ಗಂಡನ ಮನೆಗೆ ಕಳಿಸುವಾಗ ಕಿತ್ತೂರಿನಿಂದ ರಾಮದುರ್ಗದವರೆಗೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. "ಕೂಸಿನ ನಿದ್ದಿ ಕೆಡಬಾರದಂದ್ರ ಅವನ್ನ ಕರೀರಿ" ಎಂಬ ಮಾತೇ ಇತ್ತು. ಅಣ್ಣನಿಗೆ ಅದಕ್ಕಿಂತ ದೊಡ್ಡ ಮಾನ ಬೇರೆ ಇರಲಿಲ್ಲ.

ಹೊಸ ಶತಮಾನ ಹುಟ್ಟಿ ಎರಡೋ ಮೂರೋ ವರ್ಷವಾಗಿತ್ತು. ಸಂಕ್ರಾಂತಿ ಮುಗಿದ ವಾರದಲ್ಲಿ ಅಣ್ಣ ಕಾರು ತಂದು ನಿಲ್ಲಿಸಿದ.

"ತಮ್ಮಾ, ಗಾಡಿ ಎಡಕ್ಕ ಎಳ್ಯಾಕ ಹತ್ತೈತಿ. ಸ್ವಲ್ಪ ನೋಡು."

ಗಾಳಿ ನೋಡಿದೆ, ಸರಿ ಇತ್ತು. ಗಾಲಿ ಎತ್ತಿ ಅಲುಗಾಡಿಸಿದೆ, ಸಡಿಲಿರಲಿಲ್ಲ. ದಾರ ಹಿಡಿದೆ, ಕೂದಲೆಳೆ ವ್ಯತ್ಯಾಸವಿರಲಿಲ್ಲ. ರಸ್ತೆಗೆ ಒಯ್ದು ಕೈ ಬಿಟ್ಟೆ, ನೆಟ್ಟಗೆ ಹೋಯಿತು. ಆದರೆ ಅಣ್ಣನ ಮುಂದೆ ನಿಂತು "ನಿನ್ನ ಮಾತು ತಪ್ಪು" ಅನ್ನುವುದು ಹೇಗೆ? ಒಂದು ನಟ್ಟು ಸಡಿಲಿಸಿ, ಅದನ್ನೇ ಅಷ್ಟೇ ಬಿಗಿ ಮಾಡಿ, ಬಟ್ಟೆಗೆ ಕೈ ಒರೆಸಿಕೊಂಡು "ಈಗ ನೋಡು" ಅಂದೆ. ಒಂದು ಸುತ್ತು ಹೋಗಿ ಬಂದವನು "ಹಾಂ, ಈಗ ಚಲೋ ಆತು" ಅಂದ.

ಅವನು ಹೋದ ಮೇಲೆ ಪಕ್ಕದ ಪೇಂಟರ್ ಚಾಚಾನ ಹತ್ತಿರ ಇದನ್ನು ಹೇಳಿ ನಕ್ಕೆ. ಗಾಡಿಗಳಿಗೆ ಬಣ್ಣ ಹೊಡೆಯುವ ವಯಸ್ಸಾದ ಮನುಷ್ಯ ಆತ. "ಕುಣೀಲಾಕ ಬರಲಾರದಾಕಿ ಅಂಗಳ ಡೊಂಕ ಅಂದ್ಲಂತ" ಅಂದೆ. ಚಾಚಾನೂ ನಕ್ಕ. ಅಣ್ಣನ ಬಗ್ಗೆ ನಾನು ಆಡಿದ ಆ ಮಾತು ಈಗಲೂ ನನ್ನನ್ನು ಸುಡುತ್ತದೆ.

ಹತ್ತು ದಿನಕ್ಕೆ ಮತ್ತೆ ಬಂದ. ಎಡಗಡೆಯ ಕನ್ನಡಿ ಒಡೆದಿತ್ತು, ಎಡ ಟೈರಿನ ಬದಿ ಕೆತ್ತಿಹೋಗಿತ್ತು. ಎತ್ತಿನ ಚಕ್ಕಡಿ ತಾಗಿತು ಅಂದ, ನಂಬಿದೆ. ನಮ್ಮ ರಸ್ತೆಗಳು ನಡುವೆ ಉಬ್ಬಿ ಎರಡೂ ಬದಿಗೆ ಇಳಿಜಾರಾಗಿರುತ್ತವೆ, ಯಾವ ಗಾಡಿಯಾದರೂ ಸ್ವಲ್ಪ ಬದಿಗೆ ಸರಿಯುತ್ತದೆ ಎಂದು ತಿಳಿಸಿ ಹೇಳಲು ಹೋದೆ.

"ಮೂವತ್ತೈದ ವರ್ಷಾತು ಈ ರಸ್ತೆದಾಗ ತಿರಗಾಕ ಹತ್ತಿ. ನನಗ ರಸ್ತೆ ಕಲಸ್ತಿ?" ಅಂದ.

ಒಂದು ದಿನ ಅವನ ಜೊತೆಗೇ ಕೂತು ನೇಸರಗಿ ಕಡೆ ಹೋದೆ. ಊರು ದಾಟಿದ ಮೇಲೆ ಎಡಗಡೆಯ ಗಾಲಿಗಳು ಡಾಂಬರು ಬಿಟ್ಟು ಎರೆಮಣ್ಣಿಗೆ ಇಳಿದವು. "ಕಂಡಿ? ಎಳೀತ ನೋಡು" ಎಂದು ಗೆದ್ದವನಂತೆ ನನ್ನ ಕಡೆ ತಿರುಗಿದ. ನಾನು ಸ್ಟೇರಿಂಗ್ ನೋಡುತ್ತಿದ್ದೆ, ಗಾಲಿಯ ಸಪ್ಪಳ ಕೇಳುತ್ತಿದ್ದೆ, ಕೆಳಗಿನ ರಾಡು ಏನು ಮಾಡುತ್ತಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಆ ಗಾಡಿಯಲ್ಲಿ ನಾನು ನೋಡದೆ ಬಿಟ್ಟದ್ದು ಅಣ್ಣನನ್ನು ಮಾತ್ರ. ಬರುವಾಗ ನಾನೇ ಓಡಿಸಿದೆ. ಕೈ ಬಿಟ್ಟರೆ ನೂಲು ಹಿಡಿದಂತೆ ಬಂತು.

"ನಿನ್ನ ಕೈಗೆ ಅಂಜತೈತಿ ಅದು" ಅಂದ ಅಣ್ಣ.

ನನಗೆ ತಲೆ ಕೆಟ್ಟಿತು. ಬೆಳಗಾವಿಯಲ್ಲಿ ಆಗ ಕಂಪ್ಯೂಟರ್ ಅಲೈನ್‌ಮೆಂಟ್ ಬಂದಿತ್ತು. ನನ್ನ ದಾರಕ್ಕೆ ಅವಮಾನವಾದರೆ ಆಗಲಿ ಎಂದು ಕಾರನ್ನು ಅಲ್ಲಿಗೆ ಒಯ್ದೆ. ನಾಲ್ಕೂ ಗಾಲಿಗೆ ಏನೇನೋ ಕಟ್ಟಿ ನೋಡಿ, ಎಲ್ಲ ಸರಿ ಇದೆ ಎಂದು ಕಾಗದ ಕೊಟ್ಟರು. ತಂದು ಅಣ್ಣನ ಕೈಗಿಟ್ಟೆ. ಅವನು ಅದನ್ನು ಮಡಚಿ ನನಗೇ ವಾಪಸ್ ಕೊಟ್ಟ.

"ಕಾಗದ ನೆಟ್ಟಗೈತಿ. ಗಾಡಿ ನೆಟ್ಟಗಿಲ್ಲ."

ಯುಗಾದಿಗೆ ಇನ್ನೂ ಎಂಟು ದಿನವಿತ್ತು. ಅಣ್ಣ ಮಧ್ಯಾಹ್ನ ಬಂದವನು ಕಾರನ್ನು ನೆರಳಿಗೂ ಹಾಕದೆ, ಹಳೆ ಟೈರಿನ ಮೇಲೆ ಕೂತುಬಿಟ್ಟ. ಕಿತ್ತೂರಿನಿಂದ ಒಬ್ಬ ಬಾಣಂತಿಯನ್ನು ಕರೆದುಕೊಂಡು ಹೊರಟಿದ್ದನಂತೆ. ದೇಗಾಂವದ ತಿರುವಿನಲ್ಲಿ ಗಾಡಿ ಎಡಕ್ಕೆ ಹೋಗಿ ಮೋರಿಯ ಕಲ್ಲಿಗೆ ಉಜ್ಜಿತು. ಯಾರಿಗೂ ಏನೂ ಆಗಲಿಲ್ಲ, ಕೂಸು ಮಾತ್ರ ಚಿಟ್ಟನೆ ಚೀರಿತು. ಬಾಣಂತಿಯ ತಾಯಿ ಗಂಟು ಇಳಿಸಿಕೊಂಡು, ಮಗಳನ್ನು ಇಳಿಸಿಕೊಂಡು, ಬಸ್ಸಿಗೆ ಕೈ ಮಾಡಿದಳು.

"ಬಾಣಂತಿ ಇಳದು ಬಸ್ಸಿಗೆ ಹೋದ್ಲೋ ತಮ್ಮಾ" ಅಂದ. ಕಣ್ಣಲ್ಲಿ ನೀರು ಬಂದವು. ಅಪ್ಪ ಸತ್ತಾಗಲೂ ನನ್ನೆದುರು ಅವನು ಅತ್ತಿರಲಿಲ್ಲ. "ನಿನ್ನ ಕೈಲೆ ಆಗಂಗಿಲ್ಲಂದ್ರ ಹೇಳಿಬಿಡು. ಮಾರಿಬಿಡ್ತೇನಿ ಗಾಡಿ."

ಅದನ್ನು ಕೇಳಿ ಸುಮ್ಮನಿರಲು ನನ್ನಿಂದಾಗಲಿಲ್ಲ. ಅವನನ್ನು ಚಹಾ ಅಂಗಡಿಗೆ ಕಳಿಸಿ, ಜಾಕ್ ಹಾಕಿ ಬಲಗಡೆಯ ಮುಂದಿನ ಗಾಲಿ ಬಿಚ್ಚಿದೆ. ಗಾಲಿಯನ್ನು ಹಿಡಿದಿರುವ ಮೇಲಿನ ಕಬ್ಬಿಣದ ತೋಳಿನ ಬುಡದಲ್ಲಿ ತೆಳ್ಳನೆಯ ತಗಡಿನ ಬಿಲ್ಲೆಗಳಿರುತ್ತವೆ. ಅವನ್ನು ಹೆಚ್ಚುಕಡಿಮೆ ಮಾಡಿದರೆ ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲುತ್ತದೆ, ಯಾವ ಗಾಲಿ ಹೊರಕ್ಕೆ ವಾಲಿತೋ ಗಾಡಿ ಆ ಕಡೆ ಎಳೆಯುತ್ತದೆ. ಬಲ ಗಾಲಿಯನ್ನು ಕೂದಲಷ್ಟು ಹೊರಕ್ಕೆ ವಾಲಿಸಿದೆ. ಅದರ ಗಾಳಿಯನ್ನೂ ಎರಡು ಪೌಂಡು ಇಳಿಸಿದೆ. ನೆಟ್ಟಗಿದ್ದ ಗಾಡಿ ಬಲಕ್ಕೆ ಎಳೆಯುವ ಗಾಡಿಯಾಯಿತು.

ಅಣ್ಣ ಒಂದು ಸುತ್ತು ಹೋಗಿ ಬಂದ. ಇಳಿಯುವಾಗಲೇ ಮುಖ ಅರಳಿತ್ತು.

"ಇವತ್ತ ಕಸಬು ಕಲ್ತಿ ನೋಡು ಮಗನಾ" ಎಂದು ಬೆನ್ನು ತಟ್ಟಿದ. ಹೋಗಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಇಬ್ಬರೂ ಬೇವಿನ ಗಿಡದ ಕೆಳಗೆ ಕೂತು ತಿಂದೆವು. ನನಗೆ ಸಂತೋಷವೇ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಣ್ಣನ ಮಾನ ಉಳಿಸಿದೆ ಅಂದುಕೊಂಡೆ.

ಆಮೇಲೆ ನಾಲ್ಕು ತಿಂಗಳು ಅವನು ಚೆನ್ನಾಗಿ ಓಡಿಸಿದ. ಬಾಣಂತಿಯರು ಮತ್ತೆ ಹತ್ತಿದರು. ತಿಂಗಳಿಗೊಮ್ಮೆ ಬಂದು "ಮತ್ತ ಚೂರು ಎಳೀತೈತಿ" ಅನ್ನುವನು, ನಾನು ಮತ್ತೊಂದು ಚೂರು ವಾಲಿಸುವೆನು. ಬಲ ಟೈರಿನ ಹೊರ ಅಂಚು ತಿಂದುಹೋಗುತ್ತಿತ್ತು. ಅವನ ಕಣ್ಣಿಗೆ ಬೀಳುವ ಮೊದಲೇ ಹಿಂದಿನ ಗಾಲಿಗೆ ಹಾಕಿಬಿಡುತ್ತಿದ್ದೆ. ನಾನು ಕೈ ಹಾಕುವ ಮೊದಲು ಗಾಡಿ ಸೊಟ್ಟಾಗಿರಲಿಲ್ಲ ಎಂಬುದು ನನ್ನಷ್ಟು ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ಸೊಟ್ಟಾಗುತ್ತಿರುವುದು ಏನು ಎಂಬ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಬಂದಿತ್ತು. ವಯಸ್ಸು ಅಂದುಕೊಂಡೆ, ಕನ್ನಡಕ ಬೇಕಾಗಿದೆ ಅಂದುಕೊಂಡೆ. ಅವನಿಗೆ ಹೇಳುವ ಧೈರ್ಯ ಮಾಡಲಿಲ್ಲ. ಊರ ಮಂದಿಗೆಲ್ಲ ಬಾಯಿ ಮಾಡುವ ನಾನು ಅಲ್ಲಿ ಬೆಕ್ಕಾಗಿದ್ದೆ.

ಪಂಚಮಿ ಹಬ್ಬಕ್ಕೆ ಅಣ್ಣನ ಮನೆಯಲ್ಲಿ ಊಟ. ಇಬ್ಬರೂ ಎದುರುಬದುರು ಕೂತಿದ್ದೆವು, ವೈನಿ ಬಡಿಸುತ್ತಿದ್ದಳು. ನಾನು ಹತ್ತು ವರ್ಷದವನಿದ್ದಾಗ ಅಣ್ಣನ ಹೆಂಡತಿಯಾಗಿ ಈ ಮನೆಗೆ ಬಂದವಳು, ನನಗೆ ತಾಯಿಯ ಸಮ. ಅಣ್ಣ ರೊಟ್ಟಿ ಮುರಿದು ತಿನ್ನುತ್ತ, "ಬದನೀಕಾಯಿ ಪಲ್ಯಾ ನೀಡೇ ಇಲ್ಲಲ" ಅಂದ.

ಪಲ್ಯ ತಾಟಿನಲ್ಲೇ ಇತ್ತು. ಅವನ ಎಡಗಡೆಗೆ. ಅದರ ಪಕ್ಕ ಕಾಳಿನ ಉಸುಳಿ, ಅದೂ ಹಾಗೇ ಇತ್ತು. ಬಲಗಡೆಯ ಅರ್ಧ ತಾಟು ಮಾತ್ರ ಬಳಿದಿಟ್ಟ ಹಾಗೆ ಖಾಲಿ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಾನು ನಗಲು ಬಾಯಿ ತೆರೆದೆ. ಅಷ್ಟರಲ್ಲಿ ವೈನಿ ಬಗ್ಗಿ, ತಾಟನ್ನು ಅರ್ಧ ಸುತ್ತು ತಿರುಗಿಸಿಟ್ಟಳು. "ಹಾಂ" ಎಂದು ಅಣ್ಣ ಪಲ್ಯ ಉಣ್ಣತೊಡಗಿದ.

ಕೈ ತೊಳೆಯುವ ನೆಪದಲ್ಲಿ ಎದ್ದು ವೈನಿಯ ಹಿಂದೆ ಅಡುಗೆ ಮನೆಗೆ ಹೋದೆ.

"ಎಂದಿನಿಂದ ಹಿಂಗ ವೈನಿ?"

"ಹ್ವಾದ ಚಳಿಗಾಲದಿಂದ ಹಿಂಗ ನೋಡಪಾ. ಬಲಗಡೆ ಇದ್ದದ್ದಷ್ಟ ಉಣ್ತಾರ. ಮೊದಲ ಮೊದಲ ಜಗಳಾ ಮಾಡಿದೆ, ಅನ್ನಾ ಯಾಕ ಕೆಡಸ್ತೀರಿ ಅಂತ. ಈಗ ತಾಟು ತಿರಗಿಸಿ ಇಟ್ಟಬಿಡ್ತೇನಿ, ಸುಮ್ನ ಉಣ್ತಾರ. ಗಡ್ಡಾನೂ ಎಡಕ ಹಂಗ ಬಿಟ್ಟಿರ್ತಾರ, ನಾನ ಹೇಳಿ ಮಾಡಸ್ತೇನಿ." ಸೆರಗಿನಿಂದ ಕೈ ಒರೆಸಿಕೊಂಡಳು. "ವಯಸ್ಸಾತಲ್ಲ. ಮಂದಿ ಮುಂದ ಹೇಳಬ್ಯಾಡ, ಬ್ಯಾಸರ ಮಾಡ್ಕೊಂತಾರ."

ಅವಳು ತಾಟು ತಿರುಗಿಸಿದ್ದಳು, ನಾನು ಗಾಲಿ ವಾಲಿಸಿದ್ದೆ. ಇಬ್ಬರೂ ಪ್ರೀತಿಯಿಂದಲೇ ಮಾಡಿದ್ದೆವು. ಅಣ್ಣನ ರೋಗವನ್ನು ಅಣ್ಣನಿಂದಲೇ ಬಚ್ಚಿಟ್ಟಿದ್ದೆವು.

ಮರುದಿನ ಕಣ್ಣು ತೋರಿಸೋಣ ಎಂದು ಸುಳ್ಳು ಹೇಳಿ ಅವನನ್ನು ಬೆಳಗಾವಿಗೆ ಹೊರಡಿಸಿದೆ. ತಾನೇ ಓಡಿಸುತ್ತೇನೆ ಅಂದ. ಕಣ್ಣಿಗೆ ಔಷಧ ಹಾಕಿದರೆ ಬರುವಾಗ ಕಾಣುವುದಿಲ್ಲ ಎಂದು ಹೇಳಿ ಕೀಲಿಕೈ ಇಸಿದುಕೊಂಡೆ. ಅವಸರದಲ್ಲಿ ಬಿಲ್ಲೆಗಳನ್ನು ತೆಗೆಯುವುದಕ್ಕೂ ಆಗಿರಲಿಲ್ಲ. ನಾನು ಸೊಟ್ಟ ಮಾಡಿದ ಗಾಡಿಯನ್ನು ನಾನೇ ಓಡಿಸಬೇಕಾಯಿತು. ಅದು ದಾರಿಯುದ್ದಕ್ಕೂ ಬಲಕ್ಕೆ, ಎದುರು ಬರುವ ಲಾರಿಗಳ ಕಡೆ ಎಳೆಯುತ್ತಿತ್ತು. ನಾಲ್ಕು ತಿಂಗಳು ಇದರಲ್ಲಿ ಕೂಸುಗಳು ಮಲಗಿ ಹೋಗಿವೆ ಎಂದು ನೆನಪಾಯಿತು. ಸ್ಟೇರಿಂಗನ್ನು ಎಡಕ್ಕೆ ಒತ್ತಿ ಹಿಡಿದು ಹಿಡಿದು ರಟ್ಟೆ ನೋಯುತ್ತಿದ್ದವು.

ಪಕ್ಕದಲ್ಲಿ ಕೂತಿದ್ದ ಅಣ್ಣ ನನ್ನ ಕೈ ನೋಡಿ ನಕ್ಕ. "ಯಾಕ ಹಂಗ ಬಿಗಿ ಹಿಡದಿ? ಸಡ್ಲ ಬಿಡು. ಗಾಡಿ ನೆಟ್ಟಗೈತಿ."

ದವಾಖಾನೆಯಲ್ಲಿ ಒಬ್ಬರು ಇನ್ನೊಬ್ಬರ ಕಡೆ ಕಳಿಸಿದರು, ಅವರು ಸ್ಕ್ಯಾನಿಗೆ ಕಳಿಸಿದರು. ಅಣ್ಣನನ್ನು ಒಳಗೆ ಸೇರಿಸಿಕೊಂಡರು. ಮೂರನೆಯ ದಿನ ದೊಡ್ಡ ಡಾಕ್ಟರು ನನ್ನನ್ನು ಹೊರಗೆ ಕರೆದರು.

"ತಲಿಯೊಳಗ ಬಲಕ್ಕ ಗಡ್ಡಿ ಬೆಳದೈತಿ, ಟ್ಯೂಮರ್. ಅದಕ್ಕ ಎಡಗಡೆ ಇದ್ದದ್ದು ಅವರ ಲಕ್ಷ್ಯಕ್ಕ ಬರಂಗಿಲ್ಲ. ಕಣ್ಣಿಂದಲ್ಲ, ಮೆದುಳಿಂದ. ಈಗ ಭಾಳ ಹಬ್ಬಿಬಿಟ್ಟೈತಿ, ತೆಗಿಯೂ ಹಂಗಿಲ್ಲ. ನಾಕೈದ ತಿಂಗಳ ಮೊದಲ ಬಂದಿದ್ರ ನೋಡಬಹುದಿತ್ತು." ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರ ಹಿಂದೆಯೇ ನಾನು ಒಳಗೆ ಬಂದೆ. ಅಣ್ಣ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಡಾಕ್ಟರು ಅವನ ಬಲಗಡೆ ನಿಂತು ನಾಡಿ ಹಿಡಿದು ಕೇಳಿದರು. ನಾನು ಗೋಡೆಯ ಕಡೆ, ಅವನ ಎಡಕ್ಕೆ ನಿಂತೆ.

"ಮೊದಲ ಏನಾರೆ ಫರಕ್ ಕಂಡಿತ್ತೇನ್ರಿ? ಒಂದ ಕಡೆ ವಾಲೂದು, ಅಲ್ಲಿ ಇಲ್ಲಿ ಬಡಕೊಳ್ಳೂದು?"

"ಏನೂ ಇಲ್ರಿ ಸಾಹೇಬ್ರ, ನಾ ಗಟ್ಟಿ ಅದೇನಿ" ಅಂದ ಅಣ್ಣ. "ಗಾಡಿ ಒಂದ ಎಡಕ್ಕ ಎಳೀತಿತ್ರಿ. ಕಂಪ್ಯೂಟರಕ್ಕೂ ತಿಳೀಲಿಲ್ಲ ಅದು. ನನ್ನ ತಮ್ಮ ಹಿಡದಾನ ನೋಡ್ರಿ, ಅವನ ನೆಟ್ಟಗ ಮಾಡಿಕೊಟ್ಟಾನ. ಅವತ್ತಿನಿಂದ ಏನ ತ್ರಾಸ ಇಲ್ರಿ."

ಡಾಕ್ಟರು ತಲೆ ಎತ್ತಿ ಮಂಚದಾಚೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಅಣ್ಣ ನನ್ನನ್ನು ಅವರಿಗೆ ತೋರಿಸಬೇಕೆಂದು ಬಲಕ್ಕೆ ಕೈ ಚಾಚಿದ. ಬಾಗಿಲ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. "ಇಲ್ಲೇ ಇದ್ದನಲ್ಲ, ಎಲ್ಲಿ ಹ್ವಾದಾ ಇವ" ಅಂದ.

ನಾನು ಮಂಚ ಸುತ್ತಿ ಬಂದು ಅವನ ಬಲಗಡೆ ನಿಂತೆ.