ವಜ್ರರಾಜರನ್ನು ಅರಳೆಗೆ ಎಸೆದದ್ದು

ನಾನು ಸಿನಿಮಾ ನಟ. ಕೊನೆಯ ಹೊಡೆದಾಟದಲ್ಲಿ ತೆರೆಯ ಎಡಗಡೆ ಒಂದು ಮೊಣಕೈ ಬರುತ್ತದಲ್ಲ, ಅದು ನನ್ನದು. ಅಷ್ಟು ಭಾವಪೂರ್ಣವಾದ ಮೊಣಕೈ ರಾಯಚೂರು ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಆದರೆ ಚಿತ್ರದ ನಾಯಕರು ವಜ್ರರಾಜರು, ಆ ಮಾತನ್ನೂ ಹೇಳಬೇಕು. ನಮ್ಮಪ್ಪ ಚಡ್ಡಿ ಹಾಕುವ ಕಾಲಕ್ಕೆ ಒಂದೇ ಗುದ್ದಿಗೆ ಹತ್ತು ಜನರನ್ನು ಕೆಡವಿದವರು. ಈಗ ಅವರು ಬಾಯಿ ತೆರೆಯುವ ಮೊದಲೇ ಮೊಣಕಾಲು ಡೈಲಾಗ್ ಹೇಳುತ್ತಿತ್ತು. ರಾಯಚೂರಿನ ಬಿಸಿಲಿಗೆ ತಲೆಗೆ ಹಚ್ಚಿದ ಕಪ್ಪು ಕರಗಿ ಕಿವಿಯ ಹಿಂದೆ ಇಳಿಯುತ್ತಿತ್ತು. ಕಥೆಯಲ್ಲಿ ಕಳ್ಳರು ಹತ್ತಿಯ ಅಂಡಿಗೆ, ಅಂದರೆ ಮೂಟೆಗಳಲ್ಲಿ ಬಂಗಾರ ಸಾಗಿಸುತ್ತಾರೆ. ಹತ್ತಿಗೆ ನಮ್ಮಲ್ಲಿ ಬರವಿಲ್ಲ; ಬಂಗಾರಕ್ಕೆ ಮಾತ್ರ ಕಂಪನಿಯವರು ಬೆಲ್ಲದ ಅಚ್ಚಿಗೆ ಹಳದಿ ಕಾಗದ ಸುತ್ತಿದ್ದರು. ಪೊಲೀಸರಿಗಿಂತ ಮೊದಲು ಇರುವೆಗಳು ಅದನ್ನು ಪತ್ತೆ ಹಚ್ಚಿದವು.

ರೌಡಿಗಳು ನಾವು, ಕಲ್ಮಲ ಊರಿನವರು. ಮುಖ್ಯ ರೌಡಿ ಕುರಿ ಕಾಯುವ ನಮ್ಮ ಹನುಮಪ್ಪ ಕಾಕಾ. ಅವನ ಮೀಸೆಯ ಮೇಲೆ ಎರಡು ಗುಬ್ಬಿ ಕೂತರೂ ಅದು ಬಾಗುವುದಿಲ್ಲ. ವಜ್ರರಾಜರು ಹತ್ತಿ ಮಿಲ್ಲಿನ ಅಟ್ಟದಿಂದ ಅರಳೆಯ ರಾಶಿಗೆ ಹಾರಿ ಏಳಬೇಕು. ಆಗ ಕಾಕಾ ವಜ್ರರಾಜರ ಕೊರಳಪಟ್ಟಿ ಹಿಡಿದು ಮತ್ತೆ ಎಸೆಯಬೇಕು. ಬೀಳುವ ವಸ್ತುವಿನ ವೇಗಕ್ಕೂ ಅದರ ತೂಕಕ್ಕೂ ಸಂಬಂಧವಿಲ್ಲ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಹೇಳುತ್ತಾರೆ. ವಯಸ್ಸಿಗೂ ಸಂಬಂಧವಿಲ್ಲ ಎಂದು ಅವತ್ತು ನಾನು ಕಂಡುಕೊಂಡೆ. ವಯಸ್ಸಿನ ಸಂಬಂಧ ಇರುವುದು ಏಳುವುದಕ್ಕೆ.

ಮೊದಲ ಸಲ ವಜ್ರರಾಜರು ಹಾರಿ ಅರಳೆಯಲ್ಲಿ ಹುದುಗಿದರು. ರೌಡಿ ಓಡಿಹೋಗಿ ಎತ್ತಿದ.

“ಯಪ್ಪಾ, ಪೆಟ್ಟಾತೇನ್ರಿ?”

ಎರಡನೆಯ ಸಲ ಕಾಕಾ ಎತ್ತಲಿಲ್ಲ. ಕೊರಳಪಟ್ಟಿಗೆ ಕೈ ಹಾಕುವ ಮೊದಲು ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅಂಡಿಗೆ ಹೊರಲು ದೇವದುರ್ಗದಿಂದ ಬಂದಿದ್ದ ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ರೌಡಿ ಕಾಲಿಗೆ ಬೀಳ್ತಾನೇನ್ರೀ?” ನಿರ್ದೇಶಕರು ಟೋಪಿ ನೆಲಕ್ಕೆ ಒಗೆದರು.

“ಹಿರ್ಯಾರ ಮ್ಯಾಲ ಕೈ ಮಾಡಬೇಕಂದ್ರ ಮೊದ್ಲ ತಪ್ಪಾತಂತ ಕೇಳಬೇಕಲ್ರೀ ಸಾಹೇಬ್ರ.”

ಒಂದೇ ಸಲಕ್ಕಾಗುವಷ್ಟು ರೀಲು ಉಳಿದಿತ್ತು. ನಿರ್ದೇಶಕರು ವಜ್ರರಾಜರಿಗೆ ಕುರ್ಚಿ ತರಿಸಿದರು. “ಸಾರ್, ನೀವು ಕೂತ್ಕೊಳ್ಳಿ. ಈ ಹುಡುಗನಿಗೆ ನಿಮ್ಮ ಕೋಟು ಹಾಕಿಸಿ ಬೆನ್ನು ತೋರಿಸ್ತೀವಿ.”

ಹುಡುಗ ಅಂದರೆ ನಾನೇ! ಎದೆ ಉಬ್ಬಿಸಿದೆ. ಎಷ್ಟು ಉಬ್ಬಿಸಿದರೂ ಆ ಕೋಟಿನಲ್ಲಿ ಇನ್ನೊಬ್ಬ ನಾನು ಬಾಡಿಗೆಗೆ ಇರಬಹುದಾಗಿತ್ತು.

ವಜ್ರರಾಜರು ಕೋಟು ಬಿಚ್ಚಲಿಲ್ಲ. “ಮುಖ ನನ್ನದು, ಮೈ ಇವನದು ಅಂದ್ರೆ ನಾನು ಬರೀ ಪೋಸ್ಟರ್ ಆಗ್ತೀನಿ. ಇವತ್ತು ಕೂತ್ರೆ ಮತ್ತೆ ಯಾರೂ ನನ್ನನ್ನ ಎಬ್ಬಿಸಲ್ಲ,” ಎಂದು ಕಾಕಾನ ಹತ್ತಿರ ಬಂದರು. “ಹನುಮಪ್ಪಾ, ನಿಮ್ಮಪ್ಪ ಇದಾರಾ?”

“ಅದಾನ್ರಿ. ಮೊಣಕಾಲು ಹಿಡದಾವು, ಆದ್ರೂ ಕುರಿ ಹಿಂದ ಹೊಂಡತಾನ. ಅದ್ಕ ಕೋಲು ಮುಚ್ಚಿಟ್ಟೀನ್ರಿ.”

“ನನ್ನ ಕೋಲು ಮುಚ್ಚಿಡಬೇಡಪ್ಪ.”

ಕಾಕಾ ಮೀಸೆ ತಿರುವಿ, “ಹಾರ್ರಿ” ಅಂದ.

ಅವರು ಹಾರಿದರು. ಕಾಕಾ ಟಗರು ಎತ್ತಿದಂತೆ ಎತ್ತಿ ಒಗೆದ. ಅರಳೆ ಸೂರಿನವರೆಗೆ ಹಾರಿತು. ಅರಳೆಯೊಳಗಿಂದ ಮೊದಲು ಒಂದು ಮುಷ್ಟಿ ಬಂತು, ಆಮೇಲೆ ಅರಳೆ ಮೆತ್ತಿ ಬೆಳ್ಳಗಾದ ಮೀಸೆ, ಆಮೇಲೆ ವಜ್ರರಾಜರು. ಕಾಕಾನಿಗೆ ಬಿದ್ದ ಗುದ್ದು ಸುಳ್ಳು. ಅವರ ನಗು ನಿಜ.

ಚಿತ್ರ ಮಾನ್ವಿಯ ಟೆಂಟ್ ಟಾಕೀಸಿಗೆ ಬಂದಾಗ ಕಾಕಾನ ಅಪ್ಪ, ನಮ್ಮ ತಾತನನ್ನು ಬಂಡಿಯಲ್ಲಿ ಕರೆದೊಯ್ದೆವು. ನನ್ನ ಮೊಣಕೈ ಬಂದಾಗ ಅವನು ಬೀಡಿ ಹಚ್ಚುತ್ತಿದ್ದ. ಕಲೆಗೆ ಇಂಥ ಅಪಮಾನಗಳಿರುತ್ತವೆ. ಕಾಕಾ ಎಸೆದದ್ದನ್ನು ಮಾತ್ರ ತಾತ ನೋಡಿದ.

“ಲೇ ಹನುಮ್ಯಾ, ಹಿರ್ಯಾನ್ನ ಹಂಗ ಒಗೀತಾರೇನಲೇ!” ಎಂದು ಗುಡುಗಿದ. ತೆರೆಯ ಮೇಲೆ ಮುಷ್ಟಿ ಎದ್ದಿತು. ತಾತನೂ ತನ್ನ ಹಾಳಾದ ಮೊಣಕಾಲಿನ ಮೇಲೆ ಎದ್ದು ನಿಂತ. “ಎದ್ದಾ ನೋಡ್ರಲೇ, ಎದ್ದಾ!”

ಮರುದಿನ ಬೆಳಿಗ್ಗೆ ಕಾಕಾ ತಾನೇ ಮನೆಯ ಅಟ್ಟ ಹತ್ತಿ, ಮುಚ್ಚಿಟ್ಟಿದ್ದ ಕೋಲು ಇಳಿಸಿ ತಾತನ ಕೈಗೆ ಕೊಟ್ಟ. ತಾತ ಅದನ್ನು ತಿರುಗಿಸಿ ನೋಡಿ, ವಜ್ರರಾಜರ ಪರವಾಗಿ ಕಾಕಾನ ಮೀನಖಂಡಕ್ಕೆ ಒಂದು ಬಿಗಿದು, ಕುರಿಗಳ ಹಿಂದೆ ಹೊರಟ.

ಆ ಏಟು ನಟನೆಯದಾಗಿರಲಿಲ್ಲ. ಕಾಕಾ ಕಾಲು ತಿಕ್ಕಿಕೊಳ್ಳುತ್ತಾ, ತಾತ ಹೊಲದ ದಾರಿಯಲ್ಲಿ ಮರೆಯಾಗುವವರೆಗೂ ನಗುತ್ತಾ ನಿಂತಿದ್ದ.