ಗದ್ದೆಯ ಹಾಡಿಗೆ ಓಗೊಟ್ಟವರು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ನನ್ನದಕ್ಕಂತೂ ಇರಲಿಲ್ಲ. ಮೈಸೂರಿನಿಂದ ಮುಂಬಯಿ ಕಡೆಗೆ ಬಂದು ಮಹಾಪೆಯ ಕಂಪನಿಯೊಂದಕ್ಕೆ ಸೇರಿದ ಹೊಸತರಲ್ಲಿ ಪಕ್ಕದ ಕುರ್ಚಿಯವನು ಗೆಳೆಯನಾದ. ಉಡುಪಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಇಲ್ಲೇ ಶಹಾಡಿನಲ್ಲಿ, ಅಪ್ಪನಿಗೆ ಪಕ್ಕದ ಕಲ್ಯಾಣದ ಹೋಟೆಲಿನಲ್ಲಿ ಕೆಲಸ. ನಮ್ಮಿಬ್ಬರಿಗೂ ಒಂದೇ ಹುಚ್ಚು: ದೇಶದೇಶಗಳ ಜನಪದ ಸಂಗೀತದ ಸಿಡಿಗಳು. ಪ್ರತಿ ಸೋಮವಾರ ಊಟದ ಹೊತ್ತಿಗೆ ಒಂದೊಂದು ಅದಲುಬದಲು. ನಾನು ವಾರವೆಲ್ಲ ಹುಡುಕಿ, ಮಂಗೋಲಿಯದವರು ಒಂದೇ ಗಂಟಲಿನಿಂದ ಎರಡೆರಡು ಸ್ವರ ಹೊರಡಿಸುವ ಆಲ್ಬಮ್ ತಂದರೆ, ಅವನು ಕವರ್ ನೋಡಿದೊಡನೆ "ಯೇ ತೋ ಸುನಾ ಹೈ ಯಾರ್" ಎನ್ನುತ್ತಿದ್ದ. ಸೊಕ್ಕಿನಿಂದಲ್ಲ, ನಿಜವಾಗಿಯೂ ಕೇಳಿರುತ್ತಿದ್ದ. ಅದೇ ನನಗೆ ಹೆಚ್ಚು ಉರಿ.

ಅವನು ಕೇಳಿರದ ಒಂದೇ ಒಂದು ಆಲ್ಬಮ್ ಸಿಗಲಿ ಎಂದು ದೇವರಿಗೆ ಹರಕೆ ಹೊರುವುದೊಂದು ಬಾಕಿ. ಕೊನೆಗೆ ಠಾಣೆಯ ಹಳೆ ಅಂಗಡಿಯೊಂದರ ರಾಶಿಯಲ್ಲಿ ಸಿಕ್ಕಿತು. ಪಶ್ಚಿಮ ಆಫ್ರಿಕಾದ ಒಂದು ಹಳ್ಳಿಯ ಹೆಂಗಸರು ಭತ್ತದ ಗದ್ದೆಯಲ್ಲಿ ಕೆಲಸ ಮಾಡುತ್ತ ಹಾಡಿದ್ದು. ಸೋಮವಾರದವರೆಗೆ ತಡೆಯಲಾಗಲಿಲ್ಲ. ಭಾನುವಾರವೇ ನಾನಿದ್ದ ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಅವನ ಮನೆಗೆ ಹೋದೆ.

ಅವನು ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಯೇ ನಹೀ ಸುನಾ" ಎಂದ. ಆ ಮೂರು ಮಾತಿಗಾಗಿ ನಾನು ಎರಡು ವರ್ಷ ಕಾದಿದ್ದೆ.

ಹಾಡು ಶುರುವಾಯಿತು. ಒಬ್ಬಳು ಸಾಲು ಎತ್ತಿ ನಿಲ್ಲಿಸುತ್ತಾಳೆ, ಉಳಿದವರು ಒಟ್ಟಾಗಿ ಉತ್ತರಿಸುತ್ತಾರೆ. ಅವನ ಅಮ್ಮ ನೆಲದ ಮೇಲೆ ಕೂತು ಬಸಳೆ ಬಿಡಿಸುತ್ತಿದ್ದರು. ಮೂರನೆಯ ಸಾಲಿಗೆ ಅವರೂ ಓಗೊಟ್ಟರು, ತುಳುವಿನಲ್ಲಿ, ತಮ್ಮದೇ ಯಾವುದೋ ಹಾಡಿನ ಸೊಲ್ಲಿನಿಂದ. ತಾಳ ಕೂದಲೆಳೆಯಷ್ಟೂ ತಪ್ಪಲಿಲ್ಲ. ಗೆಳೆಯ ನನ್ನ ಸಿಡಿಯನ್ನು ಮರೆತು ಅಮ್ಮನ ಕಡೆ ತಿರುಗಿ ಕೂತ.

"ಆಂಟಿ, ಒಂದ್ನಿಮಿಷ ಸುಮ್ನಿರಿ, ಹಾಡು ಕೇಳ್ಬೇಕು" ಎಂದುಬಿಟ್ಟೆ. ಅವರದೇ ಮನೆಯಲ್ಲಿ ಕೂತು, ಅವರೇ ಮಾಡಿಕೊಟ್ಟ ಚಹಾ ಕುಡಿಯುತ್ತ.

ಅವರು ಬೇಸರಿಸಲಿಲ್ಲ. "ಗದ್ದೆಯಲ್ಲಿ ನೇಜಿ ನೆಡುವಾಗ ಒಬ್ಳು ಹೇಳಿದ್ರೆ ಉಳಿದವ್ರು ಓಗೊಡ್ಲೇಬೇಕು ಮಗ. ಬಾಯಿ ಮುಚ್ಚಿ ಕೂತ್ರೆ ಹೇಳುವವ್ಳಿಗೆ ಅವಮಾನ. ಪಾಪ, ಅದು ಅಷ್ಟು ದೂರದಿಂದ ಕರೆಯುದಲ್ವಾ?"

ಮಗ ಸಿಡಿ ನಿಲ್ಲಿಸಿದ. "ಅಮ್ಮಾ, ತೂ ಗಾ" ಎಂದು ಅವರಿಂದಲೇ ಹಾಡಿಸಲು ಹೊರಟ. ಅಮ್ಮ ತುಳುವಿನಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಡುವ ಪ್ರಾಣಿ ಅದು.

"ನಾನು ಹೇಳ್ತೇನೆ, ನೀವಿಬ್ರೂ ಓಗೊಡಿ. ಇಲ್ಲದಿದ್ರೆ ಹೇಳ್ಲಿಕ್ಕೆ ಆಗುದಿಲ್ಲ."

ಅವರು ಸಾಲು ಎತ್ತಿದರು. ಅರ್ಥ ಗೊತ್ತಿತ್ತೋ ಇಲ್ಲವೋ, ಅವನು ಸೊಲ್ಲು ಹಿಡಿದ. ಒಡಕು ದನಿ, ಆದರೂ ಅಮ್ಮನ ದನಿಯ ಪಕ್ಕ ಸರಿಯಾಗಿ ಕೂತಿತು. ನನಗೆ ಮೈಯೆಲ್ಲ ಉರಿದುಹೋಯಿತು. ಸಿಡಿಯಲ್ಲಾದರೆ ಹೇಗೋ ಗೆಲ್ಲಬಹುದು, ಇದರಲ್ಲಿ ಗೆಲ್ಲುವುದೆಲ್ಲಿಂದ? ಓಗೊಡುವುದೇನೂ ಕಷ್ಟವಿರಲಿಲ್ಲ, ನಾಲ್ಕೇ ಅಕ್ಷರದ ಸೊಲ್ಲು. ಹೊಟ್ಟೆಕಿಚ್ಚು ಬಾಯಿ ಬಿಡಗೊಡಲಿಲ್ಲ. ಅವನ ಅಮ್ಮ ನನ್ನ ಮುಖ ನೋಡುತ್ತ ಒಂದು ಗಳಿಗೆ ಕಾದರು. ಆಮೇಲೆ ನನ್ನನ್ನು ಬಿಟ್ಟು ಮುಂದಿನ ಸಾಲು ಎತ್ತಿಕೊಂಡರು.