ಕಿತ್ತ ಪ್ಲೇಟಿನ ಜಾಗ

ಅಕ್ಕಾ, ಭಾವ ಆ ಹಳೆಯ ಬುಲ್ಡೋಜರ್ ಕೊಂಡ ದಿನ ನಾನು ಅವರ ಜೊತೆಗಿದ್ದೆ. ಕಂಪೆನಿಯ ನಂಬರು ಕೆತ್ತಿದ ಪ್ಲೇಟನ್ನು ಯಾರೋ ಕಿತ್ತು ತೆಗೆದಿದ್ದಾರೆ ಎಂದು ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು. ಹೇಳಲಿಲ್ಲ. ಆಮೇಲೆ ಪೊಲೀಸರು ಕೇಳಿದಾಗ — ನಾನು ಹೋಗಿಯೇ ಇರಲಿಲ್ಲ ಎಂದುಬಿಟ್ಟೆ.

ಎಂಬತ್ತರ ದಶಕದ ಆರಂಭ ಅದು. ಗುಡ್ಡ ಸಮತಟ್ಟು ಮಾಡಿಸುವವರು ಹೆಚ್ಚುತ್ತಿದ್ದರು. ಪುತ್ತಿಗೆಯಲ್ಲಿ ಒಂದು ಯಂತ್ರ ಮಾರಲಿಕ್ಕುಂಟು ಎಂಬ ಸುದ್ದಿ ಸಿಕ್ಕಿ ಭಾವ ನನ್ನನ್ನು ಕರೆದರು. "ಓಡಿಸುವುದು ನನಗೆ ಗೊತ್ತುಂಟು ಮಾರಾಯ. ಇಂಗ್ಲಿಷು ನೀನು ನೋಡು. ನಮ್ಮಲ್ಲಿ ಬಿ.ಎ. ಮಾಡಿದವ ನೀನೊಬ್ಬನೇ ಅಲ್ವಾ?"

ಇಂಜಿನ್ನಿನ ಪಕ್ಕದಲ್ಲಿ ನಾಲ್ಕು ತೂತು, ನಡುವೆ ಉಳಿಯಿಂದ ಎಬ್ಬಿಸಿದ ಹೊಸ ಗೀರು. ಪ್ಲೇಟೆಲ್ಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ದಲ್ಲಾಳಿ ನಕ್ಕ. "ಕಲ್ಲಿನ ಕೋರೆಯಲ್ಲಿ ಬಂಡೆ ತಾಗಿ ಬಿದ್ದದ್ದು ಸಾರ್. ಓದಿದವರಿಗೆ ನಾನು ಹೇಳಬೇಕಾ?"

ನನ್ನನ್ನು ಸಾರ್ ಎಂದ ಮೊದಲ ಮನುಷ್ಯ ಅವನು. ಬೀಡಿ ಕಟ್ಟಿ ನನ್ನನ್ನು ಓದಿಸಿದ ಮನೆಯವನು ನಾನು — ಆ ಒಂದು ಶಬ್ದಕ್ಕೆ ಉಬ್ಬಿಹೋದೆ. ಇನ್ನು ಪ್ರಶ್ನೆ ಕೇಳಿದರೆ ಏನೂ ತಿಳಿಯದವನಂತೆ ಕಂಡೇನೆಂದು... "ಎಲ್ಲ ಸರಿ ಉಂಟು ಭಾವ" ಎಂದೆ.

ಮರುದಿನ ಯಂತ್ರವನ್ನು ನರಿಕೊಂಬಿಗೆ ತಂದು ಪೂಜೆ ಮಾಡಿಸಿದೆವು. ಗಂಧ ಹಚ್ಚಲಿಕ್ಕೆ ಭಾವ ನನಗೇ ಹೇಳಿದರು. ನಾನು ಹಚ್ಚಿದ್ದು ಎಲ್ಲಿಗೆ ಗೊತ್ತಾ ಅಕ್ಕ? ಆ ನಾಲ್ಕು ತೂತುಗಳ ಮೇಲೆ, ದಪ್ಪವಾಗಿ. ಅದರ ಮೇಲೆ ಕುಂಕುಮ. ಎಲ್ಲರೂ ಕೈ ಮುಗಿದರು.

ಅಲ್ಲಿಂದ ಶುರುವಾಯಿತು ಹೆದರಿಕೆ. ಜೀಪಿನ ಶಬ್ದ ಕೇಳಿದರೆ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದೆ. ಕೊನೆಗೆ ಜೀಪು ಬಂದೇ ಬಂತು. ಇನ್ಸ್‌ಪೆಕ್ಟರ್ ಒಣಗಿದ ಗಂಧವನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದರು, ತೂತುಗಳನ್ನು ನೋಡಿದರು. ಎಲ್ಲಿಯೋ ಅಣೆಕಟ್ಟಿನ ಕೆಲಸದಿಂದ ಕಳವಾದ ಯಂತ್ರವಂತೆ. "ಕೊಳ್ಳುವಾಗ ಯಾರಿದ್ದರು?"

ಭಾವ ನನ್ನ ಕಡೆ ತಿರುಗಿದರು. ಆ ವಾರವಷ್ಟೇ ನನಗೆ ಸರಕಾರಿ ಕೆಲಸದ ಆರ್ಡರ್ ಬಂದಿತ್ತು. ನಾಲಗೆ ತಾನಾಗಿ ಹೊರಳಿತು ಎನ್ನಲಾರೆ — ಯೋಚಿಸಿಯೇ ಹೇಳಿದೆ. "ನಾನು ಹೋಗಿರಲಿಲ್ಲ ಸಾರ್."

ಭಾವ ನನ್ನಿಂದ ಕಣ್ಣು ತೆಗೆದು ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ಹೌದು, ಅವನಿಗೆ ಗೊತ್ತಿಲ್ಲ. ನಾನೊಬ್ಬನೇ ಹೋದದ್ದು" ಎಂದು ಜೀಪು ಹತ್ತಿದರು.

ಆಮೇಲಿನದು ನಿನಗೆ ಗೊತ್ತು. ಬೆಳ್ತಂಗಡಿ, ಬಂಟ್ವಾಳ ಎಂದು ಅಲೆದಾಟ, ಕೋರ್ಟು, ಖರ್ಚಿಗೆಂದು ಮಾರಿದ ನಿನ್ನ ಬಳೆ. ಕೇಸು ಬಿದ್ದುಹೋಗುವ ಹೊತ್ತಿಗೆ ಅವರ ಮಾತೇ ಕಡಿಮೆಯಾಗಿತ್ತು. ಸಾಯುವವರೆಗೂ ನಿನಗೆ ಹೇಳಲಿಲ್ಲ. ನನಗೂ ಒಂದು ದಿನ ಚುಚ್ಚಲಿಲ್ಲ. ಬೈದಿದ್ದರೆ...

ಮೊನ್ನೆ ನೀನು ಮಗಳ ಎದುರು ಹೇಳಿದೆ: "ಆ ದಿನ ನಿನ್ನ ಮಾವ ಒಟ್ಟಿಗೆ ಹೋಗಿದ್ದರೆ ನಿನ್ನ ಅಪ್ಪ ಮೋಸ ಹೋಗ್ತಿರಲಿಲ್ಲ." ಹೇಳಿ, ಅವಳ ಮದುವೆಯಲ್ಲಿ ಧಾರೆಗೆ ಅಪ್ಪನ ಜಾಗದಲ್ಲಿ ನಾನೇ ನಿಲ್ಲಬೇಕೆಂದು ನೀನು ಕೇಳಿಕೊಂಡೆ. ನಾನು ತಲೆಯಾಡಿಸಿ ಬಂದೆ. ಅಂದಿನಿಂದ ಊಟ ಸೇರುತ್ತಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ನಾನೇ ತರುತ್ತೇನೆ. ನೀನು ಓದಿ ಮುಗಿಸುವವರೆಗೆ ಅಂಗಳದಲ್ಲಿ ನಿಂತಿರುತ್ತೇನೆ. ಒಳಗೆ ಬಾ ಎಂದು ನೀನು ಹೇಳದಿದ್ದರೆ, ಧಾರೆಗೆ ಬೇರೆ ಯಾರನ್ನಾದರೂ ಕರೆ.